‘ಸೆನ್ಸರ್ ಕೆಟ್ಟಿದೆ’ ಎನ್ನುವ ಮುನ್ನ

ಅಕ್ಕನ ಮಗ ಪೈಲಟ್ ತರಬೇತಿಯಲ್ಲಿದ್ದಾನೆ. ಕೆಲವು ವಾರಗಳ ಹಿಂದೆ ಫೋನ್ ಮಾಡಿ, ‘ಮಾಮಾ, ಮೂರನೇ ಸಿಲಿಂಡರ್ ಒಂದ ಭಾಳ ಬಿಸಿ ತೋರ್ಸಾಕತ್ತಿತ್ತು. ಕೇಳಿದ್ರ, ಸೆನ್ಸರ್ ಕೆಟ್ಟೈತಿ, ನಡಿ ಅಂದ್ರು’ ಎಂದ. ಹಾರಿ, ಕ್ಷೇಮವಾಗಿ ಇಳಿದಿದ್ದ. ಆದರೆ ಸೆನ್ಸರ್ ನಿಜಕ್ಕೂ ಕೆಟ್ಟಿದೆಯೇ ಎಂದು ಯಾರೂ ನೋಡಿರಲಿಲ್ಲ.

ಇದು ಒಬ್ಬ ಹುಡುಗನ ಅನುಭವ ಮಾತ್ರವಲ್ಲ. ಪೈಲಟ್‌ಗಳ ಬೇಡಿಕೆಯ ಜೊತೆಗೆ ತರಬೇತಿ ಶಾಲೆಗಳೂ ಹೆಚ್ಚುತ್ತಿವೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಬೆಳಗಾವಿ, ಕಲಬುರಗಿ ಸೇರಿದಂತೆ ಐದು ನಿಲ್ದಾಣಗಳಲ್ಲಿ ಹೊಸ ಶಾಲೆಗಳಿಗೆ ಅವಕಾಶ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಬಾರಾಮತಿ ಸುತ್ತ ಕೆಲವೇ ದಿನಗಳ ಅಂತರದಲ್ಲಿ ಎರಡು ತರಬೇತಿ ವಿಮಾನಗಳು ಬಿದ್ದಾಗ, ನಿರ್ವಹಣೆಯ ಪ್ರಶ್ನೆಯೂ ಎದ್ದಿತ್ತು.

ಸೆಸ್ನಾ 172ರಂಥ ವಿಮಾನದ ಲೈಕಮಿಂಗ್ ಎಂಜಿನ್ ತಣಿಯುವುದು ಮುಖ್ಯವಾಗಿ ಗಾಳಿಯಿಂದ. ಸಿಲಿಂಡರ್ ತಲೆಯ ಉಷ್ಣತೆ 260 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಕಲಬುರಗಿಯ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ.

ಬಿಸಿಯನ್ನು ಅಳೆಯುವುದು ಥರ್ಮೋಕಪಲ್. ಎರಡು ಬೇರೆ ಲೋಹಗಳ ತಂತಿ ಕೂಡಿದಲ್ಲಿ ಹುಟ್ಟುವ ಕೆಲವೇ ಮಿಲಿವೋಲ್ಟ್ ಅದರ ಭಾಷೆ. ಸಡಿಲ ಕನೆಕ್ಟರ್, ತುಕ್ಕು, ಕೆಟ್ಟ ಗ್ರೌಂಡಿಂಗ್ ಸಾಕು, ಅಂಕಿ ದಾರಿ ತಪ್ಪುತ್ತದೆ. ಹಾಗಾಗಿ ಸೆನ್ಸರ್ ಮೇಲಿನ ಅನುಮಾನ ತಪ್ಪಲ್ಲ. ಪರೀಕ್ಷಿಸದೆ ತೀರ್ಪು ಕೊಡುವುದು ತಪ್ಪು.

ಲಕ್ಷಣಗಳೇ ಬಹಳಷ್ಟು ಹೇಳುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಡಿಗ್ರಿ ಏರಿ ಇಳಿದರೆ ಅದು ವೈರಿನ ಆಟ; ಗಟ್ಟಿ ಲೋಹ ಅಷ್ಟು ಬೇಗ ಕಾದು ತಣಿಯದು. ಲೈಟು ಹಾಕಿದೊಡನೆ ಎಲ್ಲ ಸಿಲಿಂಡರ್‌ಗಳ ಅಂಕಿಯೂ ಜಿಗಿದರೆ ಗ್ರೌಂಡಿಂಗ್ ನೋಡಬೇಕು. ಒಂದೇ ಸಿಲಿಂಡರಿನ ಹೊಗೆಯ ಉಷ್ಣತೆ ಏರಿ, ತಲೆಯ ಉಷ್ಣತೆ ತುಸು ಇಳಿದರೆ ಅದರ ಎರಡು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಕೆಲಸ ಮಾಡುತ್ತಿಲ್ಲದಿರಬಹುದು. ತಲೆಯ ಉಷ್ಣತೆ ಬಿಡದೆ ಏರುತ್ತ ಹೊಗೆಯದು ಇಳಿದರೆ ಅಪಾಯ ದೊಡ್ಡದು: ಇಂಧನ ಸಿಲಿಂಡರಿನೊಳಗೆ ಸ್ಫೋಟದಂತೆ ಉರಿಯುತ್ತಿರಬಹುದು.

ಆಕಾಶದಲ್ಲಿದ್ದಾಗ ಅಂಕಿಯನ್ನು ನಿಜವೆಂದೇ ನಂಬಬೇಕು. ಮಿಶ್ರಣದಲ್ಲಿ ಇಂಧನ ಹೆಚ್ಚಿಸಿ, ಮೂತಿ ತಗ್ಗಿಸಿ ವೇಗ ಪಡೆದು, ಪವರ್ ಇಳಿಸಿ, ಹತ್ತಿರದಲ್ಲಿ ಇಳಿಯುವ ಯೋಚನೆ ಮಾಡಬೇಕು. ನೆಲದಲ್ಲಿ ಎಂಜಿನಿಯರ್ ಮಾಡಬೇಕಾದ ಮೊದಲ ಪರೀಕ್ಷೆ ಸರಳ: ಪಕ್ಕದ ಸಿಲಿಂಡರಿನ ಸೆನ್ಸರ್ ಜೊತೆ ಅದಲುಬದಲು. ದೋಷ ಸೆನ್ಸರ್ ಹಿಂದೆ ಹೋದರೆ ಸೆನ್ಸರ್ ಬದಲಿಸಿ. ಅದೇ ಸಿಲಿಂಡರಿನಲ್ಲಿ ಉಳಿದರೆ ಎಂಜಿನ್ ನೋಡಿ. ಸಾಫ್ಟ್‌ವೇರ್‌ನಲ್ಲಿ ನಾವು ದಿನವೂ ಮಾಡುವುದು ಇದನ್ನೇ. ಸುಳ್ಳು ಅಲರ್ಟ್ ಎಂದು ತಳ್ಳಿಹಾಕಿದ್ದು ಮಧ್ಯರಾತ್ರಿ ನಿಜವಾಗಿ ಎಬ್ಬಿಸಿದ್ದನ್ನು ನಮ್ಮಲ್ಲಿ ಎಷ್ಟೋ ಜನ ಕಂಡಿದ್ದೇವೆ. ಅಲ್ಲಿ ಸರ್ವರ್ ಬೀಳುತ್ತದೆ, ಇಲ್ಲಿ ವಿಮಾನ.

ನನ್ನ ಒತ್ತಾಯಕ್ಕೆ ಹುಡುಗ ದೋಷವನ್ನು ರಿಜಿಸ್ಟರಿನಲ್ಲಿ ಬರೆದ. ಅದಲುಬದಲು ಮಾಡಿ ನೋಡಿದರೆ ಬಿಸಿ ಮೂರನೇ ಸಿಲಿಂಡರಿನಲ್ಲೇ ಉಳಿಯಿತು. ಗಾಳಿಯನ್ನು ಸಿಲಿಂಡರಿನತ್ತ ತಿರುಗಿಸುವ ತಡೆಯ ರಬ್ಬರ್ ಪಟ್ಟಿ ಮಡಚಿಕೊಂಡು ಗಾಳಿ ಸೋರಿಹೋಗುತ್ತಿತ್ತು. ಸೆನ್ಸರ್ ಸರಿಯಾಗಿಯೇ ಇತ್ತು.

2025ರ ಅಕ್ಟೋಬರ್‌ನಿಂದ ಡಿಜಿಸಿಎ ತರಬೇತಿ ಸಂಸ್ಥೆಗಳಿಗೆ ರ‍್ಯಾಂಕ್ ಕೊಡಲು ಆರಂಭಿಸಿದೆ. ಸುರಕ್ಷತೆಯೂ ಒಂದು ಮಾನದಂಡ. ಒಳ್ಳೆಯ ಹೆಜ್ಜೆ. ಆದರೆ ವಿದ್ಯಾರ್ಥಿ ಹೇಳಿದ ದೋಷ ದಾಖಲಾಯಿತೇ, ಯಾವ ಪರೀಕ್ಷೆಯಿಂದ ಬಗೆಹರಿಯಿತು, ಎಂಜಿನ್ ಮಾನಿಟರ್‌ನಲ್ಲಿ ಉಳಿದ ದತ್ತಾಂಶವನ್ನು ಯಾರಾದರೂ ಓದುತ್ತಾರೆಯೇ ಎಂಬುದನ್ನೂ ಅಳೆಯಬೇಕು. ದೋಷ ಹೇಳಿದ ವಿದ್ಯಾರ್ಥಿಯ ಹಾರಾಟದ ಗಂಟೆಗಳಿಗೆ ಕತ್ತರಿ ಬೀಳಬಾರದು; ಆ ಭಯವೇ ಎಷ್ಟೋ ಬಾಯಿ ಮುಚ್ಚಿಸುತ್ತದೆ.

ಮಕ್ಕಳನ್ನು ಇಂಥ ಶಾಲೆಗೆ ಸೇರಿಸಲು ಹೊರಟವರು ಶುಲ್ಕ, ವಿಮಾನಗಳ ಸಂಖ್ಯೆ ವಿಚಾರಿಸುತ್ತಾರೆ. ದೋಷಗಳ ರಿಜಿಸ್ಟರನ್ನು ಹೇಗೆ ನಿಭಾಯಿಸುತ್ತೀರಿ ಎಂದೂ ಒಮ್ಮೆ ಕೇಳಿ. ಸಿಗುವ ಉತ್ತರ ಶಾಲೆಯ ಬಗ್ಗೆ ಬಹಳಷ್ಟು ತಿಳಿಸುತ್ತದೆ.