ಮಲ್ಲಯ್ಯನ ಹಾದಿಯಲ್ಲಿ ಮುದುಕರ ಹೆಜ್ಜೆ



ಯುಗಾದಿ ಸಮೀಪಿಸಿತೆಂದರೆ ನಮ್ಮ ಸಿದ್ದಾಪುರ, ಕಾರಟಗಿ, ಗಂಗಾವತಿ ಸೀಮೆಯ ಹಳ್ಳಿಗಳಲ್ಲಿ ಶ್ರೀಶೈಲದ ಮಾತೇ ಮಾತು. ಕಂಬಿಗೆ ಗೆಜ್ಜೆ ಕಟ್ಟುವವರು ಕಟ್ಟುತ್ತಾರೆ. ತಾಯಂದಿರು ಕಡಕ್ ರೊಟ್ಟಿ ಬಡಿದು ಒಣಗಿಸಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕುಟ್ಟಿ ಗಂಟು ಕಟ್ಟುತ್ತಾರೆ. ಭ್ರಮರಾಂಬೆಗೆ ಉಡಿ ತುಂಬಲು ಸೀರೆ, ಕುಪ್ಪಸ, ಬಳೆ ತೆಗೆದಿಡುತ್ತಾರೆ. ಏಕೆಂದರೆ ಆ ತಾಯಿ ನಮ್ಮ ಕನ್ನಡ ನಾಡಿನ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ?

ಇಂಥ ದಿನಗಳಲ್ಲಿ ಮೊನ್ನೆ ಸೋಮವಾರ ತಂದೆ ಮಗ ಇಬ್ಬರು ಶ್ರೀಮಠಕ್ಕೆ ಬಂದರು. ತಂದೆಗೆ ಎಪ್ಪತ್ತು ದಾಟಿದೆ. ಮಗ ಭತ್ತದ ಒಕ್ಕಲುತನದಲ್ಲಿ ಚೆನ್ನಾಗಿ ನಿಂತವನು. ಪೂಜೆ ಮುಗಿಯುವ ತನಕ ಸುಮ್ಮನೆ ಕುಳಿತಿದ್ದ ಮಗ, "ಅಜ್ಜಾರ, ನಮ್ಮಪ್ಪಗ ನೀವಾದ್ರೂ ಒಂದ್ ಮಾತು ಹೇಳ್ರಿ. ಈ ವಯಸ್ಸಿನ್ಯಾಗ ಶ್ರೀಶೈಲಕ್ಕ ನಡಕೋತ ಹೊಕ್ಕೀನಿ ಅಂತಾನ. ಕಾರ್ ಮಾಡಿಕೊಡ್ತೀನಿ, ಎರಡ ದಿನದಾಗ ಆರಾಮ ಹೋಗಿ ಬಾ ಅಂದ್ರ ಕೇಳವಲ್ಲ" ಎಂದ. ತಂದೆ ವಾದಕ್ಕೆ ಇಳಿಯಲಿಲ್ಲ. "ನಮ್ಮಜ್ಜ ನಡದ ಹೋಗ್ಯಾನ, ನಮ್ಮಪ್ಪ ಹೋಗ್ಯಾನ, ನಾನೂ ಮೂರು ಸಲ ಹೋಗೀನ್ರಿ. ಇದೊಂದ ಸಲ" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು.

ನಮಗೆ ಅಂದು ಉತ್ತರ ಕೊಡಲಾಗಲಿಲ್ಲ. ಬರುವ ಸೋಮವಾರ ಬನ್ನಿರೆಂದು ಕಳಿಸಿದೆವು. ಮಗನ ಮಾತಿನಲ್ಲಿ ತಪ್ಪಿರಲಿಲ್ಲ, ತಂದೆಯ ಮಾತಿನಲ್ಲಿಯೂ ಇರಲಿಲ್ಲ. ಆದರೆ ಈ ವಿಷಯದಲ್ಲಿ ನಮ್ಮ ತಲೆಯ ಮೇಲೆ ಒಂದು ಹಳೆಯ ಋಣವಿದೆ. ಅದನ್ನು ಹೇಳದೆ ತೀರ್ಪು ಕೊಡುವುದು ಸಲ್ಲದೆಂದು ಇಂದು ಬರೆಯುತ್ತಿದ್ದೇವೆ.

ಹಾದಿ ಕಾಣದವರಿಗಾಗಿ ಮೊದಲು ಹಾದಿಯ ಮಾತು. ನಮ್ಮ ಕಡೆಯಿಂದ ಹೊರಟವರು ತುಂಗಭದ್ರೆಯನ್ನು ದಾಟಿ ಸಿರುಗುಪ್ಪ, ಆದವಾನಿ, ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರಿನ ಮೇಲೆ ಹಾಯ್ದು ಈಗಿನ ನಂದ್ಯಾಲ ಜಿಲ್ಲೆಯ ಆತ್ಮಕೂರು ಸೇರುತ್ತಾರೆ. ಅಲ್ಲಿಯ ತನಕ ಡಾಂಬರು ರಸ್ತೆ, ಕಾದ ಬಯಲು. ಊರೂರಿಗೆ ದಾಸೋಹ ನಡೆಸುವ ತೆಲುಗು ಭಕ್ತರ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಆತ್ಮಕೂರಿನ ಆಚೆ ವೆಂಕಟಾಪುರ ದಾಟಿದ ಮೇಲೆ ನಲ್ಲಮಲ ಅರಣ್ಯ. ಅಲ್ಲಿಂದಲೇ ನಿಜವಾದ ಯಾತ್ರೆ. ನಾಗಲೂಟಿಯಲ್ಲಿ ವೀರಭದ್ರನ ಗುಡಿ. ಅಲ್ಲಿಂದ ಕಲ್ಲಿನ ಮೆಟ್ಟಿಲು ಹತ್ತಿದರೆ ದಟ್ಟ ಕಾಡು, ಕಾಡಿನ ನಡುವೆ ಪೆದ್ದಚೆರುವು ಎಂಬ ದೊಡ್ಡ ಕೆರೆ. ಮುಂದೆ ಮಠಂ ಬಾವಿ, ಭೀಮುನಿ ಕೊಲನು ಎಂಬ ಆಳವಾದ ಕಣಿವೆ. ಕಣಿವೆಗೆ ಇಳಿದು ಮತ್ತೆ ಎದೆಯೆತ್ತರದ ಏರು ಹತ್ತಿದರೆ ಕೈಲಾಸ ದ್ವಾರ. ಅಲ್ಲಿ ನಿಂತವನ ಕಣ್ಣಲ್ಲಿ ನೀರು ಬರದಿದ್ದರೆ ಅವನು ನಡೆದು ಬಂದಿಲ್ಲವೆಂದೇ ತಿಳಿಯಬೇಕು.

ಈ ಹಾದಿ ಇಂದು ನಿನ್ನೆಯದಲ್ಲ. ಹದಿಮೂರನೇ ಶತಮಾನದ ಪಾಲ್ಕುರಿಕೆ ಸೋಮನಾಥ ಕವಿಯು ತನ್ನ ಪಂಡಿತಾರಾಧ್ಯ ಚರಿತ್ರೆಯಲ್ಲಿ ಪರ್ವತ ಪ್ರಕರಣವೆಂಬ ಒಂದು ಭಾಗವನ್ನೇ ಶ್ರೀಶೈಲ ಯಾತ್ರೆಗೆ ಮೀಸಲಿಟ್ಟಿದ್ದಾನೆ. ಅಕ್ಕಮಹಾದೇವಿ ಕಲ್ಯಾಣವನ್ನು ಬಿಟ್ಟು ನಡೆದದ್ದು ಈ ಪರ್ವತದ ಕಡೆಗೆ. ಸೊನ್ನಲಿಗೆಯ ಸಿದ್ಧರಾಮರು ಬಾಲಕರಿದ್ದಾಗ ಮಲ್ಲಯ್ಯನನ್ನು ಹುಡುಕುತ್ತ ಹೋದದ್ದೂ ಇಲ್ಲಿಗೆ. ಹದಿನಾಲ್ಕನೇ ಶತಮಾನದಲ್ಲಿ ರೆಡ್ಡಿ ಅರಸರ ಪೈಕಿ ಪ್ರೋಲಯ ವೇಮಾರೆಡ್ಡಿಯು ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ. ನಮ್ಮ ಆನೆಗೊಂದಿ, ಹಂಪಿಯ ದೊರೆಗಳೂ ಹಿಂದೆ ಬೀಳಲಿಲ್ಲ. ಎರಡನೇ ಹರಿಹರರಾಯನ ಕಾಲದಲ್ಲಿ ದೇವಾಲಯಕ್ಕೆ ಮುಖಮಂಟಪವಾಯಿತು, ಅವನ ರಾಣಿ ವಿಠ್ಠಲಾಂಬೆ ಪಾತಾಳಗಂಗೆಗೆ ಇಳಿಯಲು ಮೆಟ್ಟಿಲು ಮಾಡಿಸಿದಳು.

ಅರಸನಿಗೆ ಪಲ್ಲಕ್ಕಿಯಿರುತ್ತದೆ, ಗಟ್ಟಿಮುಟ್ಟಾದ ಪಡೆಯವನಿಗೆ ಮೆಟ್ಟಿಲಿಲ್ಲದಿದ್ದರೂ ನಡೆದೀತು. ಹಾಗಾದರೆ ಆ ಕಾಡಿನಲ್ಲಿ ಕಲ್ಲು ಹೊತ್ತು ಮೆಟ್ಟಿಲು ಜೋಡಿಸಿದ್ದು ಯಾರಿಗಾಗಿ? ಮೊಣಕಾಲು ಹಿಡಿದವರಿಗಾಗಿ, ಕೂಸು ಕಂಕುಳಲ್ಲಿಟ್ಟ ತಾಯಿಗಾಗಿ, ಕೋಲೂರಿ ನಡೆಯುವವರಿಗಾಗಿ. ಇಂದು ಅನೇಕ ಮೆಟ್ಟಿಲು ಸಡಿಲಿವೆ, ಹಳೆಯ ಕಟ್ಟಡಗಳು ಬಿದ್ದಿವೆ. ಮಠಂ ಬಾವಿಯ ಹೆಸರೇ ಹೇಳುವಂತೆ ಅಲ್ಲೊಂದು ಮಠವಿದ್ದಿರಬೇಕು. ದಣಿದು ಬಂದವರಿಗೆ ಅಲ್ಲಿಯ ಜಂಗಮರು ನೀರು, ಪ್ರಸಾದ ನೀಡಿರಬೇಕು. ಮಠಾಧಿಪತಿಗಳಾದ ನಮಗೆ ಆ ಹೆಸರು ಕೇಳಿದಾಗಲೆಲ್ಲ ಮನಸ್ಸು ಒಂದು ಗಳಿಗೆ ತಡೆಯುತ್ತದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ.

1984ರ ಯುಗಾದಿ. ನಾವು ಆಗ ಇಪ್ಪತ್ತಮೂರರ ಮರಿದೇವರು. ಸಂಸ್ಕೃತ ಪಾಠಶಾಲೆಯಿಂದ ಆಗಷ್ಟೇ ಬಂದ ಬಿಸಿ. ಮೂವತ್ತು ಜನರ ತಂಡಕ್ಕೆ ಹಿರಿಯ ಗುರುಗಳು ನಮ್ಮನ್ನೇ ಮುಂದಾಳು ಮಾಡಿ ಕಳಿಸಿದರು. ತಂಡದಲ್ಲಿ ಒಬ್ಬ ಮುದುಕರಿದ್ದರು, ಎರಡು ಎಕರೆ ಒಣಬೇಸಾಯದವರು. ಆದವಾನಿಯ ಬಿಸಿಲಲ್ಲಿ ಕಂಬಿ ಹೊತ್ತವರು ಅವರೇ. ಕಾಡಿನಲ್ಲಿ ಅವರ ಮೊಣಕಾಲು ಬಾತುಕೊಂಡಿತು. ಮಠಂ ಬಾವಿಯ ಹತ್ತಿರ ಬರುವಷ್ಟರಲ್ಲಿ ಹೆಜ್ಜೆ ಕೀಳದಾಯಿತು. ಅಂದು ಅಮಾವಾಸ್ಯೆ. ಮರುದಿನ ಪಾಡ್ಯ. ಅಂದೇ ರಾತ್ರಿಯೊಳಗೆ ಮಲ್ಲಿಕಾರ್ಜುನನ ದರ್ಶನವಾಗಬೇಕೆಂದು ನಾವು ಮನಸ್ಸಿನಲ್ಲಿ ಸಂಕಲ್ಪ ಮಾಡಿಕೊಂಡಿದ್ದೆವು. ಸಂಕಲ್ಪವೆನ್ನುವುದು ದೊಡ್ಡ ಮಾತಾಯಿತು, ಹಟ ಎನ್ನಬೇಕು. "ನೀವು ಇಲ್ಲಿ ಕೂತು ದಣಿವಾರಿಸಿಕೊಳ್ಳಿ, ಹಿಂದೆ ಬರುವ ತಂಡದವರು ಕರೆತರುತ್ತಾರೆ" ಎಂದು ಹೇಳಿ, ನಾಲ್ಕು ರೊಟ್ಟಿ, ಒಂದು ತತ್ರಾಣಿ ನೀರು ಇಟ್ಟು ನಡೆದೆವು. ಅವರು ಬೇಡ ಎನ್ನಲಿಲ್ಲ. ಕಂಬಿಯನ್ನು ತಾವೇ ಎತ್ತಿ ನಮ್ಮವರೊಬ್ಬರ ಹೆಗಲಿಗೆ ಕೊಟ್ಟರು.

ಕೈಲಾಸ ದ್ವಾರ ಹತ್ತಿದ ಮೇಲೆ ತಿಳಿಯಿತು, ಹಿಂದೆ ಯಾವ ತಂಡವೂ ಇರಲಿಲ್ಲ. ನಾವೇ ಕೊನೆಯವರು.

ಕತ್ತಲಾಗಿತ್ತು. ನಲ್ಲಮಲ ಹುಲಿಯ ಕಾಡು. ಆ ಹಿಂದಿನ ವರ್ಷ, 1983ರಲ್ಲಷ್ಟೇ, ನಾಗಾರ್ಜುನಸಾಗರ–ಶ್ರೀಶೈಲ ಅರಣ್ಯ ಹುಲಿ ಯೋಜನೆಗೆ ಸೇರಿತ್ತು. ಅಮಾವಾಸ್ಯೆಯ ಇರುಳಿನಲ್ಲಿ ಒಂದು ಕಂದೀಲು ಹಿಡಿದು ಕಣಿವೆ ಇಳಿಯಲು ಯಾರಿಗೂ ಧೈರ್ಯ ಬರಲಿಲ್ಲ, ನಮಗೂ ಬರಲಿಲ್ಲ. ದರ್ಶನಕ್ಕೆ ನಿಂತೆವು. ಕಣ್ಣೆದುರಿಗೆ ಮಲ್ಲಯ್ಯ, ಕಣ್ಣೊಳಗೆ ಆ ಮುದುಕರು. ಅಂಥ ದರ್ಶನ ವೈರಿಗೂ ಬೇಡ.

ಯುಗಾದಿ ಪಾಡ್ಯದ ನಸುಕಿಗೆ ಇಬ್ಬರನ್ನು ಕರೆದುಕೊಂಡು ಹಿಂದಿರುಗಿದೆವು. ಕೈಲಾಸ ದ್ವಾರದ ಬಳಿ ಬರುತ್ತಿದ್ದಂತೆ ಕೆಳಗಿನಿಂದ ಮೂವರು ಹತ್ತಿ ಬರುವುದು ಕಾಣಿಸಿತು. ಇಬ್ಬರು ಚೆಂಚು ಜನ, ನಡುವೆ ನಮ್ಮ ಮುದುಕರು, ಅವರ ಎರಡೂ ಕೈ ಇಬ್ಬರ ಹೆಗಲ ಮೇಲೆ. ರಾತ್ರಿಯೆಲ್ಲ ಬೆಂಕಿ ಹಾಕಿಕೊಂಡು ಅವರನ್ನು ಕಾದಿದ್ದರಂತೆ. ನಾವು ದುಡ್ಡು ತೆಗೆದೆವು. ಅವರಲ್ಲಿ ಹಿರಿಯವನು ಕೈ ಹಿಂದಕ್ಕೆ ಎಳೆದುಕೊಂಡು ತೆಲುಗಿನಲ್ಲಿ, ಅಳಿಯನ ಮನೆಗೆ ಹೊರಟವರನ್ನು ಕಾಡಿನಲ್ಲಿ ಬಿಟ್ಟರೆ ನಮಗೇ ಅಪಮಾನವಲ್ಲವೇ ಎಂದ. ಚೆಂಚರಿಗೂ ಮಲ್ಲಯ್ಯ ಅಳಿಯ. ಚೆಂಚು ಮಲ್ಲಯ್ಯ ಎಂದೇ ಅವರು ಕರೆಯುವುದು. ನಾವು ಸೀರೆ ಬಳೆ ಹೊತ್ತು ಬೀಗರೆಂದು ಬೀಗುತ್ತಿದ್ದೆವು. ಬೀಗತನ ಉಳಿಸಿದವರು ಅವರು.

ಮುದುಕರು ನಮ್ಮನ್ನು ನೋಡಿ ಕೇಳಿದ್ದು ಒಂದೇ ಮಾತು: "ದರ್ಶನ ಆತೇನ್ರಿ ಅಪ್ಪಾರ?"

ನಲವತ್ತು ವರ್ಷ ಕಳೆದರೂ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಕೆಲವರು ಕೇಳುತ್ತಾರೆ, ಅಂಗೈಯಲ್ಲಿ ಇಷ್ಟಲಿಂಗವಿರುವಾಗ ವೀರಶೈವನಿಗೆ ಬೆಟ್ಟ ಹತ್ತುವ ಯಾತ್ರೆ ಏತಕ್ಕೆಂದು. ಒಳ್ಳೆಯ ಪ್ರಶ್ನೆ. ಲಿಂಗ ಎದೆಯ ಮೇಲಿದೆ, ಅದನ್ನು ಹುಡುಕಿಕೊಂಡು ನಡೆಯಬೇಕಿಲ್ಲ. ಆದರೆ ಶ್ರೀಶೈಲ ನಮ್ಮ ಪಂಚಪೀಠಗಳಲ್ಲೊಂದು, ಗುರುಸ್ಥಾನ. ಅಲ್ಲಿಗೆ ನಡೆಯುವ ಎಂಟು ಹತ್ತು ದಿನ ಹತ್ತಾರು ಮನೆಯವರು ಒಂದೇ ಗಂಟಿನ ರೊಟ್ಟಿ ಉಂಡು, ಒಬ್ಬರ ಕಾಲಿನ ಬೊಬ್ಬೆಗೆ ಮತ್ತೊಬ್ಬರು ಎಣ್ಣೆ ಹಚ್ಚಿ ಬಾಳುವರಲ್ಲ, ಅದು ಜಂಗಮಸೇವೆ. ಆ ಸೇವೆಯೇ ಇಲ್ಲದ ಮೇಲೆ ನಡೆಯುವುದು ಬರಿಯ ಕಾಲಿನ ಕಸರತ್ತು.

ಈಗಿನ ತಂಡಗಳನ್ನು ನೋಡಿದಾಗ ನಮ್ಮದೇ ಇಪ್ಪತ್ತಮೂರರ ಮುಖ ಕಾಣುತ್ತದೆ. ಯಾವ ಊರಿನವರು ಎಷ್ಟು ದಿನದಲ್ಲಿ ಮುಟ್ಟಿದರೆಂಬ ಪೈಪೋಟಿ. ಗಾಡಿಯ ಮೇಲೆ ಧ್ವನಿವರ್ಧಕ ಕಟ್ಟಿ ಕುಣಿತ. (ಮರಗಾಲು ಕಟ್ಟಿ ನಡೆಯುವ ಹರಕೆಯವರಿದ್ದಾರೆ, ಅವರ ಭಕ್ತಿಗೆ ನಮ್ಮ ನಮಸ್ಕಾರ. ಆದರೆ ಅವರ ಚಿತ್ರ ತೆಗೆಯಲು ಮುತ್ತಿಕೊಳ್ಳುವ ಮೊಬೈಲುಗಳಿಗಲ್ಲ.) ಹಾಳು ಗುಡಿಗಳ ಕಲ್ಲಿನ ಮೇಲೆ ಬಣ್ಣದಲ್ಲಿ ತಮ್ಮ ಹೆಸರು ಬರೆದು ಬರುವವರನ್ನು ಏನೆನ್ನಬೇಕು? ಮೆಟ್ಟಿಲಿನ ಕಲ್ಲು ಹೊತ್ತವರು ತಮ್ಮ ಹೆಸರು ಬರೆಯಲಿಲ್ಲ. ನೀರಿನ ಪ್ಲಾಸ್ಟಿಕ್ ಪಾಕೀಟುಗಳನ್ನು ಕೆರೆಯ ದಂಡೆಯಲ್ಲಿಯೇ ಬಿಟ್ಟು ಏಳುತ್ತಾರೆ. ಜಿಂಕೆ, ಕಡವೆ ನೀರು ಕುಡಿಯುವ ಕೆರೆಯದು. ಶಿವರಾತ್ರಿ, ಯುಗಾದಿಗೆಂದು ಕೆಲವೇ ದಿನ ಅರಣ್ಯ ಇಲಾಖೆ ಆ ಹಾದಿ ಬಿಡುತ್ತದೆ. ಚೈತ್ರದ ಒಣ ಎಲೆಗೆ ಒಂದು ಬೀಡಿಯ ಕಿಡಿ ಸಾಕು, ಹಾದಿ ಶಾಶ್ವತವಾಗಿ ಮುಚ್ಚಲು. ಆಗ ಯಾರನ್ನೂ ದೂರುವಂತಿಲ್ಲ.

ಹೀಗಿರುವಾಗ ಮನೆಯ ಮಗ ತನ್ನ ತಂದೆಯನ್ನು ಅಂಥ ತಂಡದ ಜೊತೆ ಕಳಿಸಲು ಹೆದರಿದರೆ ಅದು ಅವನ ತಪ್ಪಲ್ಲ. ಓಡುವ ತಂಡ ಮುದುಕರನ್ನು ಎಲ್ಲಿ ಬಿಡುತ್ತದೆಂಬುದು ನಮಗೆ ಗೊತ್ತಿದೆ.

ಕಳೆದ ಸೋಮವಾರ ತಂದೆ ಮಗ ಮತ್ತೆ ಬಂದರು. ನಾವು ಹೇಳಿದ್ದಿಷ್ಟು. ಮೊದಲು ವೈದ್ಯರಿಗೆ ತೋರಿಸಿ ಬರತಕ್ಕದ್ದು. ಹೃದಯ, ರಕ್ತದೊತ್ತಡ ಸರಿಯಿಲ್ಲವೆಂದು ಅವರು ಹೇಳಿದರೆ ಮಲ್ಲಯ್ಯನ ಆಣೆಯಿಟ್ಟರೂ ನಡೆಯುವಂತಿಲ್ಲ, ಬಸ್ಸಿನಲ್ಲಿ ಹೋಗಿ ಶಿಖರದ ದರ್ಶನ ಮಾಡಿಕೊಂಡು ಬರಬೇಕು, ಅದಕ್ಕೂ ಅದೇ ಫಲ. ಹೋಗಬಹುದೆಂದರೆ ಡಾಂಬರು ರಸ್ತೆಯ ಬಿಸಿಲನ್ನು ವಾಹನದಲ್ಲಿ ಕಳೆದು, ವೆಂಕಟಾಪುರದಿಂದ ಕಾಡಿನ ಹಾದಿಯನ್ನಷ್ಟೇ ನಡೆಯಬೇಕು. ನಸುಕಿಗೆ ಎದ್ದು ಒಂಬತ್ತರೊಳಗೆ ನಿಲ್ಲಬೇಕು, ಸಂಜೆ ಮತ್ತೆ ಹೊರಡಬೇಕು. ಉಪ್ಪು ಸಕ್ಕರೆ ಬೆರೆಸಿದ ನೀರು ಜೊತೆಗಿರಬೇಕು. ಮತ್ತು ಮಗನೂ ಸಂಗಡ ಹೋಗಬೇಕು.

ಮಗ ತಲೆ ಕೆರೆದುಕೊಂಡ. "ಎರಡನೇ ಬೆಳಿ ಗದ್ದ್ಯಾಗ ನಿಂತೈತ್ರಿ ಅಜ್ಜಾರ. ನಾಲೆ ನೀರಿನ ಪಾಳಿ ಅದ ವಾರದಾಗ ಬರ್ತೈತಿ" ಎಂದ. ಎಡದಂಡೆ ನಾಲೆಯ ಕೊನೆಯ ಭಾಗದವರಿಗೆ ನೀರಿನ ಪಾಳಿ ತಪ್ಪುವುದೆಂದರೆ ಏನೆಂಬುದು ನಮಗೂ ತಿಳಿದಿದೆ. ನಾವು ಸುಮ್ಮನಾದೆವು.

ಶ್ರೀಮಠದಿಂದ ಹೊರಡುವ ಕಂಬಿಗೆ ಈ ವರ್ಷದಿಂದ ಒಂದು ಕಟ್ಟಳೆ ಮಾಡಿದ್ದೇವೆ. ಕಾಡು ಹೊಕ್ಕ ಮೇಲೆ ತಂಡದ ಎಲ್ಲರಿಗಿಂತ ಹಿರಿಯರು ಮುಂದೆ ನಡೆಯಬೇಕು, ಕಂಬಿ ಅವರ ಹಿಂದೆ, ಉಳಿದವರು ಕಂಬಿಯ ಹಿಂದೆ. ಕಂಬಿಯನ್ನು ದಾಟಿ ಯಾರೂ ಮುಂದೆ ಹೋಗಕೂಡದು. ಪಾಡ್ಯಕ್ಕೆ ಮುಟ್ಟದಿದ್ದರೆ ಬಿದಿಗೆಗೆ ಮುಟ್ಟಲಿ. ತಂದ ಪ್ಲಾಸ್ಟಿಕ್ಕನ್ನು ಅದೇ ಚೀಲದಲ್ಲಿ ಊರಿಗೆ ಮರಳಿ ತರಬೇಕು. ಧ್ವನಿವರ್ಧಕಕ್ಕೆ ಶ್ರೀಮಠದ ಹೆಸರು ಹಾಕುವಂತಿಲ್ಲ. ಚೆಂಚು ಗೂಡೆಗಳಿಗೆಂದು ಎರಡು ಗಂಟು ರೊಟ್ಟಿ, ಒಂದು ಚೀಲ ಅಕ್ಕಿ ಬೇರೆಯೇ ಹೋಗುತ್ತದೆ. ನಮ್ಮ ಮೊಣಕಾಲು ಅನುಮತಿ ಕೊಟ್ಟರೆ ಮಠಂ ಬಾವಿಯ ತನಕವಾದರೂ ನಾವೂ ಬರುವವರಿದ್ದೇವೆ.

ನಿನ್ನೆ ಸಂಜೆ ಆ ಮಗನಿಂದ ಸುದ್ದಿ ಬಂದಿದೆ. ನೀರಿನ ಪಾಳಿಯನ್ನು ಮಗ್ಗುಲ ಹೊಲದವರು ನೋಡಿಕೊಳ್ಳಲು ಒಪ್ಪಿದ್ದಾರಂತೆ, ವೈದ್ಯರ ಚೀಟಿಗಾಗಿ ನಾಳೆ ಗಂಗಾವತಿಗೆ ಹೋಗುತ್ತಾರಂತೆ.