ಮೇಣದ ಕೆಲಸವೇನು?

ಹತ್ತಿಮತ್ತೂರಿನ ವಿದ್ಯಾರ್ಥಿಯೊಬ್ಬನು ಕಳೆದ ಬೇಸಗೆಯಲ್ಲಿ ತನ್ನ ಬೇಸ್ ಗಿಟಾರನ್ನು ನನ್ನೆದುರಿಗಿಟ್ಟು, "ಸರ್, ಯಾವ ಮೇಣವನ್ನು ಹಚ್ಚಿದರೆ ಇದರ ನಾದ ಹೆಚ್ಚೀತು?" ಎಂದು ಕೇಳಿದನು. ಅದರ ಒಡಲು ಬಡಿಗರು ಮಾಡಿಕೊಟ್ಟ ಬರಿಯ ತೇಗದ್ದು. ಎರಡು ತಿಂಗಳ ಕೈಖರ್ಚನ್ನು ಕೂಡಿಟ್ಟು ದುಬಾರಿ ಮೇಣದ ಡಬ್ಬಿಯೊಂದನ್ನು ತರಿಸಲು ಅವನು ಹೊರಟಿದ್ದನು. ನಾನು ಬೇಡವೆಂದೆನು.

ವೀಣೆಯಲ್ಲಿ ತಂತಿಯ ಕಂಪನವು ತೆಳುವಾದ ಹಲಗೆಗೆ ಹರಿದು, ಆ ಹಲಗೆಯೇ ಗಾಳಿಯನ್ನು ನಡುಗಿಸುತ್ತದೆ. ಬೇಸ್ ಗಿಟಾರಿನ ಒಡಲಾದರೋ ಗಟ್ಟಿ ದಿಮ್ಮಿ. ಅದರ ಅತಿ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುವಾಗ, ಕೆಳಗಿರುವ ಅಯಸ್ಕಾಂತದ ಸುತ್ತಣ ತಂತಿಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸ್ಪೀಕರು ಅದನ್ನೇ ನಾದವಾಗಿಸುತ್ತದೆ. ಕಿಲೋಗ್ರಾಂಗಟ್ಟಲೆ ತೂಗುವ ದಿಮ್ಮಿಯ ಮೇಲೆ ಒರೆಸಿದ ಕೆಲವೇ ಗ್ರಾಂ ಮೇಣವು ಇಲ್ಲಿ ಮಾಡಬಹುದಾದುದು ಏನೂ ಇಲ್ಲವೆಂದರೂ ಸಲ್ಲುತ್ತದೆ.

ಹಾಗಾದರೆ ಮೇಣವೇಕೆ? ಹೊಳಪಿಗೆ, ಕೈಗೆ ನುಣುಪಿಗೆ, ಬೆವರು ಕೂಡಲೆ ಇಂಗದಿರುವುದಕ್ಕೆ. ಮಳೆಗಾಲದ ತೇವವನ್ನು ತಡೆಯುವ ಶಕ್ತಿ ಅದರ ತೆಳುಪೊರೆಗೆ ಕಡಮೆ, ಅರಗಿಗೆ ಹೆಚ್ಚು. ಚನ್ನಪಟ್ಟಣದ ಆಟಿಕೆಗಳಿಗೆ ಮೆರುಗು ಕೊಡುವುದೂ ಅರಗೇ. ಆದುದರಿಂದ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಮೊದಲು ತೆಳುವಾಗಿ ಬಳಿದು, ಚೆನ್ನಾಗಿ ಒಣಗಿದ ಮೇಲೆ ಮೇಣವನ್ನು ಹಚ್ಚುವುದು ಲೇಸು.

ಜೇನುಮೇಣವು ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಆದರೆ ಅದಕ್ಕೆ ಬಹು ಮುಂಚೆಯೇ ಮೆತ್ತಗಾಗುತ್ತದೆ. ವೀಣೆಯ 24 ಮೆಟ್ಟಿಲುಗಳನ್ನು ಕರಿ ಬೆರೆಸಿದ ಜೇನುಮೇಣದಲ್ಲಿ ಕೂರಿಸುತ್ತಾರೆ; ಬಿಸಿಲಿಗೆ ಅವು ಜರುಗುವುದನ್ನು ವೈಣಿಕರೆಲ್ಲ ಬಲ್ಲರು. ಬ್ರೆಜಿಲಿನ ತಾಳೆಯೊಂದರ ಎಲೆಯಿಂದ ಬರುವ ಕಾರ್ನಾಬಾ ಮೇಣವು 80 ಡಿಗ್ರಿ ದಾಟಿದ ಮೇಲೆ ಕರಗುತ್ತದೆ. ಒಂದೇ ಇದ್ದರೆ ಪೆಡಸು. ನಾಲ್ಕು ಪಾಲು ಜೇನುಮೇಣಕ್ಕೆ ಒಂದು ಪಾಲು ಇದನ್ನು ಸೇರಿಸಿದರೆ ನಮ್ಮ ಸೆಕೆಗೆ ಸಾಕಷ್ಟು ಗಟ್ಟಿಯಾದೀತು. ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ನೇರ ಉರಿಯ ಮೇಲೆ ಸಲ್ಲದು. ಸಿಲಿಕೋನ್ ಬೆರೆತ ಮೆರುಗು ಬೇಡ. ಮುಂದೆ ಒಡಲನ್ನು ದುರಸ್ತಿ ಮಾಡುವಾಗ ಅದರ ಮೇಲೆ ಹೊಸ ಲೇಪ ಹಿಡಿಯದು.

ನನ್ನ ಮಾತನ್ನಾದರೂ ಏಕೆ ನಂಬಬೇಕು? ಒಂದೇ ಹಲಗೆಯ ಮೂರು ತುಂಡುಗಳಲ್ಲಿ ಒಂದಕ್ಕೆ ಮೇಣ, ಒಂದಕ್ಕೆ ಅರಗು ಬಳಿಯಿರಿ. ಒಂದನ್ನು ಹಾಗೆಯೇ ಬಿಡಿ. ತೇವದ ಕೋಣೆಯಲ್ಲಿ ವಾರವಿಟ್ಟು ತೂಗಿರಿ. ಮೇಣ ಹಚ್ಚುವ ಮೊದಲೂ ಅನಂತರವೂ ನಾದವನ್ನು ಮುದ್ರಿಸಿಕೊಂಡು, ಯಾವುದು ಯಾವುದೆಂದು ಹೇಳದೆ ಗೆಳೆಯರಿಗೆ ಕೇಳಿಸಿರಿ. ಡಬ್ಬಿಯ ಮೇಲಿನ ಹೊಗಳಿಕೆಗೆ ಹಣ ತೆರುವ ಮೊದಲು ತಕ್ಕಡಿಯನ್ನೂ ಕಿವಿಯನ್ನೂ ಕೇಳುವುದು ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ನಡತೆ.