ನಾಲ್ಕು ಕಿವಿಯ ಮೈಕು

ಕಣ್ಣಿಗೆ ಬಟ್ಟೆ ಕಟ್ಟಿದರೂ ಚಪ್ಪಾಳೆ ಯಾವ ಕಡೆಯಿಂದ ಬಂತೆಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಎಡಗಡೆಯ ಸದ್ದು ಬಲಗಿವಿಗೆ ತಲುಪುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ, ತುಸು ಕ್ಷೀಣವಾಗಿ. ಮಿದುಳಿಗೆ ಅಷ್ಟು ಸುಳಿವು ಸಾಕು. ಆದರೆ ಸಾಮಾನ್ಯ ಮೈಕಿಗೆ ಒಂದೇ ಕಿವಿ. ಎಲ್ಲಿಂದ ಹಾಡಿದರೂ ತಂತಿಯಲ್ಲಿ ಹರಿಯುವುದು ಒಂದೇ ಸಂಕೇತ. ದಿಕ್ಕು ಅಲ್ಲಿಗೇ ಕಳೆದುಹೋಯಿತು. ಇಂಗ್ಲೆಂಡಿನ ಆಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊಗೆ ಪೇಟೆಂಟ್ ಕೋರಿ ಎಡ-ಬಲವನ್ನೇನೋ ಉಳಿಸಿಕೊಟ್ಟರು. ಹಿಂದೆ, ಮೇಲೆ, ಕೆಳಗೆ?

ಆಕ್ಸ್‌ಫರ್ಡಿನ ಗಣಿತಜ್ಞ ಮೈಕೆಲ್ ಗರ್ಜನ್ 1970ರ ದಶಕದಲ್ಲಿ ಪೀಟರ್ ಕ್ರೇವನ್ ಜೊತೆಗೂಡಿ ಇದಕ್ಕೆ ಕಂಡುಕೊಂಡ ಉತ್ತರ 'ಸೌಂಡ್‌ಫೀಲ್ಡ್' ಮೈಕು. ಅದರೊಳಗೆ ನಾಲ್ಕು ಕ್ಯಾಪ್ಸೂಲ್‌ಗಳು. ನುಂಗುವ ಮಾತ್ರೆಯಲ್ಲ, ಸದ್ದಿಗೆ ಕಂಪಿಸುವ ತೆಳುಪೊರೆಯ ಪುಟ್ಟ ಬಿಲ್ಲೆಗಳು. ನಾಲ್ಕು ತ್ರಿಕೋನಗಳಿಂದಾದ ಚತುಷ್ಫಲಕದ ಮುಖಕ್ಕೊಂದರಂತೆ ಅವನ್ನು ಕೂರಿಸಲಾಗಿದೆ. ಮುಂದೆ ನೋಡುವ ಎರಡರಲ್ಲಿ ಒಂದು ಎಡಕ್ಕೆ ಮೇಲೆ, ಇನ್ನೊಂದು ಬಲಕ್ಕೆ ಕೆಳಗೆ. ಹಿಂದಿನೆರಡರಲ್ಲಿ ಇದರ ಅದಲುಬದಲು.

ಮುಂದಿನದು ಬರಿಯ ಕೂಡು-ಕಳೆ ಲೆಕ್ಕ. ನಾಲ್ಕೂ ಸಂಕೇತಗಳನ್ನು ಕೂಡಿದರೆ ಒಟ್ಟು ಸದ್ದು. ಮುಂದಿನೆರಡರ ಮೊತ್ತದಿಂದ ಹಿಂದಿನೆರಡರ ಮೊತ್ತ ಕಳೆಯಿರಿ. ಬಂದ ಉತ್ತರ ಒಟ್ಟು ಸದ್ದಿನ ಜೊತೆಗೇ ಏರಿಳಿದರೆ ಸದ್ದು ಮುಂದಿನಿಂದ ಬಂದದ್ದು, ತದ್ವಿರುದ್ಧವಾಗಿ ಏರಿಳಿದರೆ ಹಿಂದಿನಿಂದ. ಎಡ-ಬಲಕ್ಕೂ ಮೇಲೆ-ಕೆಳಗಿಗೂ ಇದೇ ಉಪಾಯ. ಹೀಗೆ ಸುತ್ತಲಿನ ಸದ್ದೆಲ್ಲ ನಾಲ್ಕೇ ಸಂಕೇತಗಳಲ್ಲಿ ಅಡಗುತ್ತದೆ. ಮೈಕನ್ನು ಯಾವ ಕಡೆ ತಿರುಗಿಸಬೇಕಿತ್ತೆಂದು ಧ್ವನಿಮುದ್ರಣ ಮುಗಿದ ಮೇಲೂ ತೀರ್ಮಾನಿಸಬಹುದು! ಸಂಕೇತಗಳನ್ನು ಬೆರೆಸುವ ಪ್ರಮಾಣ ಬದಲಿಸಿದರಾಯಿತು.

ತೊಡಕೂ ಉಂಟು. ಲೆಕ್ಕ ಸರಿಬರಲು ನಾಲ್ಕೂ ಬಿಲ್ಲೆಗಳು ಒಂದೇ ಬಿಂದುವಿನಲ್ಲಿರಬೇಕು, ಅದು ಅಸಾಧ್ಯ. ಸೆಕೆಂಡಿಗೆ 10,000 ಕಂಪನಗಳ ಕೀಚಲು ಸದ್ದಿನ ಅಲೆಯ ಉದ್ದ ಸುಮಾರು 3.4 ಸೆಂಟಿಮೀಟರ್ ಮಾತ್ರ. ಅದರ ಮುಂದೆ ಬಿಲ್ಲೆಗಳ ನಡುವಣ ಅಂತರ ನಗಣ್ಯವಲ್ಲ. ಅದನ್ನು ಸರಿದೂಗಿಸುವ ಕೆಲಸ ವಿದ್ಯುನ್ಮಂಡಲದ್ದು. ದಿಕ್ಕು ಇನ್ನೂ ನಿಖರವಾಗಿ ಬೇಕೆಂದರೆ ಬಿಲ್ಲೆಗಳು ಹೆಚ್ಚಬೇಕು. 32 ಬಿಲ್ಲೆಗಳ ಗೋಳಾಕಾರದ ಮೈಕೂ ಬಂದಿದೆ.

ಇಷ್ಟು ಸೊಗಸಾದ ವಿದ್ಯೆ ಮಾರುಕಟ್ಟೆಯಲ್ಲಿ ಸೋತಿತು. ಮನೆಯಲ್ಲಿ ಕೇಳಲು ಸುತ್ತಲೂ ಸ್ಪೀಕರುಗಳು, ಜೊತೆಗೊಂದು ಡಿಕೋಡರ್. ಅಷ್ಟು ಖರ್ಚಿಗೆ ಎಷ್ಟು ಜನ ಮುಂದಾದಾರು? ಆಸ್ತಮಾದಿಂದ ಬಳಲುತ್ತಿದ್ದ ಗರ್ಜನ್ 1996ರಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷಗಳ ಬಳಿಕ, 2016ರಲ್ಲಿ, ಯೂಟ್ಯೂಬ್ ತನ್ನ 360 ಡಿಗ್ರಿ ವಿಡಿಯೊಗಳಿಗೆ ಇದೇ ನಾಲ್ಕು ಸಂಕೇತಗಳ ಪದ್ಧತಿಯನ್ನು ಅಳವಡಿಸಿತು. ಕನ್ನಡಕದಂಥ ಪರದೆ ಧರಿಸಿದವರು ಬಲಕ್ಕೆ ತಲೆ ಹೊರಳಿಸಿದರೆ, ಎದುರಿಗಿದ್ದ ಕೊಳಲಿನ ದನಿ ಈಗ ಎಡಗಿವಿಯ ಪಕ್ಕದಿಂದ ಕೇಳುತ್ತದೆ.